ಕಿರುಬೆರಳಿಗೆ ಸರಿಯಬೇಕಾದ ಕಿಟಕಿ

ನಮ್ಮತ್ತೆ ಯಾರ ಮನೆಗೆ ಹೋದರೂ ಮೊದಲು ಹೋಗುವುದು ಕಿಟಕಿಯ ಹತ್ತಿರ. ಹೇಗಿದ್ದೀರಿ, ಮಕ್ಕಳು ಚೆನ್ನಾಗಿದ್ದಾರಾ ಎಂಬ ವಿಚಾರಣೆಯೆಲ್ಲ ಆಮೇಲೆ. ಅಲ್ಯುಮಿನಿಯಂ ಚೌಕಟ್ಟಿಗೆ ಬಲಗೈಯ ಕಿರುಬೆರಳು ತಾಗಿಸಿ ಮೆಲ್ಲಗೆ ತಳ್ಳುತ್ತಾರೆ. ಗಾಜು ಸದ್ದಿಲ್ಲದೆ ಸರಿದರೆ ಆ ಮನೆಯವರು ಒಳ್ಳೆಯವರು. ಕಿರ್ರೆಂದು ಅಲ್ಲೇ ನಿಂತರೆ, ಮನೆಯಾಕೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಕೈಚೀಲದಿಂದ ಹಳೆಯ ಟೂತ್‌ಬ್ರಶ್ಶು ಹೊರಗೆ ಬಂದಿರುತ್ತದೆ. ಮದುವೆಗೆ ಮುಂಚೆ ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಇದೇ ಕಥೆ. ನನ್ನ ಅಮ್ಮ ಲೋಟ ಹಿಡಿದು ನಿಂತೇ ಇದ್ದರು, ಇವರು ನಡುಮನೆಯ ಕಿಟಕಿಯ ಮುಂದೆ ಮಂಡಿಯೂರಿ ಹಳಿಯೊಳಗಿನ ಸತ್ತ ನೊಣಗಳನ್ನು ಕೆದಕುತ್ತಿದ್ದರು. "ನಮ್ಮ ಹುಡುಗಿ ಹೇಗನ್ನಿಸ್ತಾಳೆ?" ಎಂದು ಅಪ್ಪ ಅಳುಕುತ್ತ ಕೇಳಿದ್ದಕ್ಕೆ, "ಹುಡುಗಿ ಸರಿಯಾಗಿದಾಳೆ. ನಿಮ್ಮ ರೋಲರ್ ಸರಿ ಇಲ್ಲ" ಎಂದರು.

ಅಂಥ ಅತ್ತೆಗೆ ಹನ್ನೊಂದು ವರ್ಷದಲ್ಲಿ ನಾನು ಹೇಳಿದ ದೊಡ್ಡ ಸುಳ್ಳು ಒಂದೇ. ಅದೂ ಕಿಟಕಿಯದೇ.

ಅತ್ತೆ ಇಪ್ಪತ್ತೇಳು ವರ್ಷ ಅಲ್ಯುಮಿನಿಯಂ ಕಿಟಕಿ ಮಾಡುವ ವರ್ಕ್‌ಶಾಪಿನಲ್ಲಿ ದುಡಿದವರು. ಕತ್ತರಿಸುವ ಯಂತ್ರದ ಹತ್ತಿರ ಗಂಡಸರು, ಗಾಜು ಕೂರಿಸುವಲ್ಲಿ ಗಂಡಸರು, ಕೊನೆಯ ಬೆಂಚಿನಲ್ಲಿ ಇವರೊಬ್ಬರೇ. ಜಾರುವ ಚೌಕಟ್ಟಿನ ಅಡಿಗೆ ಎರಡು ಪುಟ್ಟ ಚಕ್ರ ಇರುತ್ತವಲ್ಲ, ರೋಲರ್ ಎನ್ನುತ್ತಾರೆ, ಅವನ್ನು ಕೂರಿಸಬೇಕು. ಅಂಚಿಗೆ ಉಣ್ಣೆಯ ಪಟ್ಟಿ ತುರುಕಬೇಕು. ಕೊನೆಗೆ ಹಳಿಯ ಮೇಲಿಟ್ಟು ತಳ್ಳಿ ನೋಡಬೇಕು. ಇವರ ಕಿರುಬೆರಳಿಗೆ ಮಣಿಯದ ಕಿಟಕಿ ವರ್ಕ್‌ಶಾಪಿನ ಹೊಸ್ತಿಲು ದಾಟುವ ಹಾಗಿರಲಿಲ್ಲ. ಒಮ್ಮೆ ಮಾಲೀಕರು ಅವಸರಕ್ಕೆ ಹಳಿಗೆ ಮಷೀನ್ ಎಣ್ಣೆ ಸುರಿದು ಮಾಲನ್ನು ಲಾರಿಗೆ ಹತ್ತಿಸಲು ಹೇಳಿದಾಗ, ಅತ್ತೆ ಲಾರಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತುಬಿಟ್ಟರಂತೆ. "ಎಣ್ಣೆ ಹಾಕೋದು ಅಂದ್ರೆ ಧೂಳಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ ಸಾರ್. ಇವತ್ತು ಜಾರತ್ತೆ, ಆರು ತಿಂಗಳಿಗೆ ಅಂಟು ಹಿಡಿಯತ್ತೆ. ಬೈಸ್ಕೊಳೋದು ನನ್ನ ರೋಲರ್ರು." ಮಾಲೀಕರು ತಲೆ ಚಚ್ಚಿಕೊಂಡು ಮಾಲು ಇಳಿಸಿದರು. ಕೈಗೆ ಬಂದ ಕಿಟಕಿಯನ್ನು ನೋಡಿ 'ರಿಪೇರಿ ಆಗಲ್ಲ' ಎಂದು ಅತ್ತೆ ಹೇಳಿದ್ದನ್ನು ವರ್ಕ್‌ಶಾಪಿನಲ್ಲಿ ಯಾರೂ ಕೇಳಿಲ್ಲ. ನಮ್ಮ ಕಟ್ಟಡದಲ್ಲಿ ಇವರಿಗೆ ಕಿರುಬೆರಳಮ್ಮ ಎಂದೇ ಹೆಸರು. ಹಿಂದಿನಿಂದ ಕರೆಯುತ್ತಾರೆ, ಕಿಟಕಿ ಕಚ್ಚಿಕೊಂಡಾಗ ಮಾತ್ರ ಮುಂದಿನಿಂದ ಬರುತ್ತಾರೆ.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಅತ್ತೆ ದಿನಾ ಕೆಲಸಕ್ಕೆ ಹೋಗುತ್ತಿದ್ದ ಬಸ್ಸಿನ ಕಂಡಕ್ಟರೇ. ಅವರಿಬ್ಬರ ಪ್ರೇಮ ಹೇಗೆ ಶುರುವಾಯಿತೆಂದರೆ, ಬಸ್ಸಿನ ಕಿಟಕಿಯೊಂದು ಕಚ್ಚಿಕೊಂಡಿತ್ತು, ಅತ್ತೆ ಸ್ಟಾಪ್ ಬಂದರೂ ಇಳಿಯದೆ ಅದನ್ನು ಸರಿಮಾಡುತ್ತ ಡಿಪೋವರೆಗೆ ಹೋದರು. ಇಂಥವರಿಗೆ ಅಂಥವರೇ ಸಿಗುವುದು.

ಈ ಮಾವ ಮೂರು ವರ್ಷದಿಂದ ಮರೆಯುತ್ತಿದ್ದಾರೆ. ಮೊದಲು ಕನ್ನಡಕ ಮರೆತರು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಹೊಸದು ತಂದುಕೊಟ್ಟು ನಕ್ಕೆ. ಆಮೇಲೆ ಮಗನ ಹೆಸರು ಮರೆತರು. ಆಗ ನಗಲಿಲ್ಲ. ಹೋದ ವರ್ಷ ಒಂದು ದಿನ ಒಲೆ ಹಚ್ಚದೆ ಗ್ಯಾಸ್ ಮಾತ್ರ ತಿರುಗಿಸಿ ಬಂದು ಪೇಪರ್ ಓದುತ್ತ ಕೂತರು. ಅತ್ತೆಯ ಮೂಗು ಚುರುಕು, ಬಚಾವಾದೆವು. ಅವತ್ತು ನನ್ನ ಗಂಡ ಊಟಕ್ಕೆ ಕೂತಾಗ ತಟ್ಟೆ ದೂರ ಸರಿಸಿ ಹೇಳಿದ.

"ಅಮ್ಮ, ಇನ್ನೊಂದು ಸಲ ಹೀಗಾದ್ರೆ ಅಪ್ಪನ್ನ ಆರೈಕೆ ಮನೆಗೆ ಸೇರಿಸೋದೇ. ಮತ್ತೆ ಮಾತಾಡೋದಿಲ್ಲ."

"ಸೇರಿಸು. ಎರಡು ಮಂಚ ಕೇಳು" ಎಂದರು ಅತ್ತೆ.

ನನ್ನ ಗಂಡ ಕೆಟ್ಟವನಲ್ಲ, ಹೆದರಿದವನು. ಆದರೆ ಹೆದರಿದವನು ಕೆಟ್ಟವನಿಗಿಂತ ಬೇಗ ತೀರ್ಮಾನ ಮಾಡುತ್ತಾನೆ. ಅತ್ತೆಯೂ ಸುಮ್ಮನೆ ಹೇಳುವವರಲ್ಲ, ಎರಡು ಮಂಚ ಎಂದರೆ ಎರಡು ಮಂಚವೇ. ಹೊರಗಿನಿಂದ ಬಂದ ನನಗೆ ಈ ಇಬ್ಬರೂ ಇಲ್ಲದ ಮನೆಯನ್ನು ಊಹಿಸಿಕೊಳ್ಳಲೂ ಆಗಲಿಲ್ಲ. ಮದುವೆಯಾದ ಹೊಸತರಲ್ಲಿ ಅಡುಗೆ ಸೀದುಹೋದಾಗಲೆಲ್ಲ "ಈ ಸಲದ್ದು ಎಕ್ಸ್‌ಪ್ರೆಸ್, ಎಲ್ಲೂ ನಿಲ್ಲಲಿಲ್ಲ" ಎನ್ನುತ್ತ ಬಡಿಸಿಕೊಂಡು ತಿಂದವರು ಮಾವ ಒಬ್ಬರೇ.

ಅದಾದ ಐದು ತಿಂಗಳಿಗೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಎರಡು ತಿಂಗಳು ಪ್ಲಾಸ್ಟರು. ಕಿರುಬೆರಳೂ ಒಳಗೇ ಹೋಯಿತು. ಆ ದಿನಗಳಲ್ಲೇ ಒಂದು ಮಧ್ಯಾಹ್ನ ನಾನು ಮಡಚಿದ ಬಟ್ಟೆ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದೆ. ಮಾವನ ಕೋಣೆ ಅದು. ನಮ್ಮದು ಮೂರನೇ ಮಹಡಿ. ಕಟ್ಟಡದ ಚಂದ ಕೆಡುತ್ತದೆಂದು ಕಮಿಟಿಯವರು ಕಿಟಕಿಗಳಿಗೆ ಸರಳು ಹಾಕಿಸಲು ಬಿಟ್ಟಿಲ್ಲ. ಕೆಳಗೆ ಸಿಮೆಂಟಿನ ಅಂಗಳ, ಸಾಲಾಗಿ ನಿಲ್ಲಿಸಿದ ಬೈಕುಗಳು.

ಮಾವ ಕಿಟಕಿಯನ್ನು ಪೂರ್ತಿ ಸರಿಸಿ, ಬಲಗಾಲನ್ನು ಎತ್ತಿ ಅಂಚಿನ ಮೇಲಿಟ್ಟಿದ್ದರು. ಒಂದು ಕೈ ಮೇಲಿನ ಚೌಕಟ್ಟಿನಲ್ಲಿ, ಬಸ್ಸಿನ ಕಂಬಿ ಹಿಡಿದ ಹಾಗೆ. "ಸ್ಟಾಪ್ ಬಂತು, ಇಳಿಯೋರು ಮುಂದೆ ಬನ್ನಿ" ಎನ್ನುತ್ತಿದ್ದರು.

ಬಟ್ಟೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಹಿಂದಿನಿಂದ ಅಂಗಿ ಹಿಡಿದು ಎಳೆದೆ, ಇಬ್ಬರೂ ಮಂಚದ ಮೇಲೆ ಬಿದ್ದೆವು. "ಏನಮ್ಮ, ಬಸ್ಸು ಬ್ರೇಕ್ ಹಾಕ್ತಾ?" ಎಂದು ಮಾವ ಮರ್ಯಾದೆಯಿಂದ ಕೇಳಿದರು. ಪಕ್ಕದ ಕೋಣೆಯಲ್ಲಿ ಅತ್ತೆ ಮಾತ್ರೆ ನುಂಗಿ ಮಲಗಿದ್ದರು. ಹೋಗಿ ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ಎಬ್ಬಿಸಿದರೆ ಸಂಜೆಗೆ ಮಗನಿಗೆ ತಿಳಿಯುತ್ತದೆ, ತಿಳಿದರೆ ಎರಡು ಮಂಚ. ಬೀಗ ಹಾಕೋಣವೆಂದರೆ ಬೀಗ ಯಾಕೆ ಎಂದು ಅವನು ಕೇಳುತ್ತಾನೆ. ಚಿಲಕವನ್ನಂತೂ ಮಾವನ ಬೆರಳುಗಳು ನಿದ್ದೆಯಲ್ಲೂ ತೆಗೆಯುತ್ತವೆ.

ಹಾಗಾಗಿ ನಾನು ನಮ್ಮತ್ತೆಯ ಸೊಸೆಯಾಗಿ ಮಾಡಬಾರದ ಕೆಲಸ ಮಾಡಿದೆ. ಗೋಡೆಗೆ ಬಣ್ಣ ಬಳಿಸಿದಾಗ ಉಳಿದಿದ್ದ, ಬಿರುಕು ಮುಚ್ಚುವ ಪುಟ್ಟಿಗೆ ಮರಳು ಕಲಸಿ, ಕಿಟಕಿ ಮುಚ್ಚಿ, ಹಳಿಯುದ್ದಕ್ಕೂ ಹೇರ್‌ಪಿನ್ನಿನಿಂದ ತುರುಕಿದೆ. ರೋಲರಿನ ಅಡಿಗೂ ಬಿಡಲಿಲ್ಲ. ಮರುದಿನಕ್ಕೆ ಅದು ಕಲ್ಲಾಯಿತು. ಮಾವ ಎರಡು ದಿನ ತಳ್ಳಿ ನೋಡಿ, "ಈ ಬಸ್ಸಿನ ಬಾಗಿಲು ಜಾಮ್" ಎಂದು ಕೈಬಿಟ್ಟರು. ಮೇಲೊಂದು ಸಣ್ಣ ವೆಂಟಿಲೇಟರ್ ಇದೆ, ಗಾಳಿ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ನಡುರಾತ್ರಿ ಎಚ್ಚರವಾದಾಗಲೂ ಅದನ್ನೇ ಹೇಳಿಕೊಂಡು ಮಗ್ಗುಲು ಬದಲಿಸುತ್ತಿದ್ದೆ.

ಪ್ಲಾಸ್ಟರು ತೆಗೆದ ದಿನ ಡಾಕ್ಟರು ಬೆರಳುಗಳಿಗೆ ವ್ಯಾಯಾಮ ಬೇಕು, ರಬ್ಬರ್ ಚೆಂಡು ಅದುಮಿ ಎಂದರು. ಅತ್ತೆ ಚೆಂಡನ್ನು ಪಕ್ಕದ ಮನೆಯ ಮಗುವಿಗೆ ಕೊಟ್ಟು ಬ್ರಶ್ಶು ಕೈಗೆ ತೆಗೆದುಕೊಂಡರು. ಭಾನುವಾರ ನಡುಮನೆಯ ಕಿಟಕಿ. ಚೌಕಟ್ಟನ್ನು ಎತ್ತಿ ಕಳಚುವ ಬಲ ಆ ಕೈಗೆ ಬಂದಿರಲಿಲ್ಲ, ಎತ್ತಿದ್ದು ನಾನು. ಉಳಿದದ್ದೆಲ್ಲ ಅವರೇ. ಒಣ ಬ್ರಶ್ಶಿನಿಂದ ಹಳಿಯ ಧೂಳು ಕೆದಕಿದರು. ನೀರು ಹೊರಗೆ ಹೋಗುವ ತೂತನ್ನು ಕಡ್ಡಿಯಿಂದ ಬಿಡಿಸಿದರು. ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿದರು. ಹಳಿ ಪೂರ್ತಿ ಒಣಗುವವರೆಗೆ ಕೈಕಟ್ಟಿ ಕೂತರು, ನನ್ನನ್ನೂ ಕೂರಿಸಿದರು. ಆಮೇಲೆ ಸಿಲಿಕೋನ್ ಸ್ಪ್ರೇಯನ್ನು ಹಳಿಗಲ್ಲ, ಬಟ್ಟೆಗೆ ಹೊಡೆದು, ಆ ಬಟ್ಟೆಯನ್ನು ಹಳಿಯ ಮೇಲೆ ಒಂದೇ ಸಲ ಎಳೆದರು. ರೋಲರಿಗೆ ಒಂದೊಂದು ಹನಿಯಷ್ಟು.

"ಜಾಸ್ತಿ ಹಾಕಿದ್ರೆ ಇನ್ನೂ ಚೆನ್ನಾಗಿ ಜಾರಲ್ವಾ ಅತ್ತೆ?"

"ಜಾಸ್ತಿ ಉಪ್ಪು ಹಾಕಿದ್ರೆ ಇನ್ನೂ ರುಚಿ ಆಗತ್ತಾ? ನಿನ್ನ ಕೈಯಡುಗೆ ತಿಂದೋಳು ನಾನು, ನನ್ನನ್ನೇ ಕೇಳ್ತೀಯಲ್ಲ."

ಕಿರುಬೆರಳಿಟ್ಟರು. ಗಾಜು ಹೋಗಿ ಆ ತುದಿ ಮುಟ್ಟಿತು. ಎರಡು ತಿಂಗಳ ನಂತರ ಅತ್ತೆಯ ಮುಖದಲ್ಲಿ ಬಣ್ಣ ಬಂತು. ನೋಡಿ ನಾನು ಖುಷಿಪಡುವಷ್ಟರಲ್ಲಿ ಅವರು ಬಟ್ಟೆ ಕೊಡವುತ್ತ ಎದ್ದು, "ನಾಳೆ ಇವರ ಕೋಣೇದು" ಎಂದರು.

"ಅದು ಬೇಡ ಅತ್ತೆ" ಎಂದೆ. "ಅದರ ರೋಲರ್ ಮುರಿದೋಗಿದೆ. ಒಬ್ಬ ಮೆಕ್ಯಾನಿಕ್‌ಗೆ ಹೇಳಿದೀನಿ, ಈ ವಾರ ಬರ್ತಾನೆ."

ಇದೇ ನನ್ನ ಸುಳ್ಳು. ಸುಳ್ಳು ಹೇಳುವುದಕ್ಕೂ ಬುದ್ಧಿ ಬೇಕು. ಇಪ್ಪತ್ತೇಳು ವರ್ಷ ರೋಲರ್ ಕೂರಿಸಿದವರ ಮನೆಗೆ, ಅವರು ಬದುಕಿರುವಾಗಲೇ, ರೋಲರ್ ಕೂರಿಸಲು ಬೇರೊಬ್ಬನನ್ನು ಕರೆಸುವ ಮಾತಾಡಿದ್ದೆ. ಅತ್ತೆ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು, ಬ್ರಶ್ಶನ್ನು ಚೀಲಕ್ಕೆ ಹಾಕಿದರು, ರಾತ್ರಿ ಊಟಕ್ಕೆ ಹಸಿವಿಲ್ಲ ಎಂದರು. ಬೆಂಕಿಗೆ ತುಪ್ಪ ಸುರಿದದ್ದು ನನಗೆ ಆಗ ಹೊಳೆಯಲಿಲ್ಲ. ಬಿಟ್ಟುಬಿಟ್ಟರು, ಬದುಕಿದೆ ಎಂದುಕೊಂಡು ಮಲಗಿದೆ.

ಸೋಮವಾರ ಅಂಗಡಿಯಲ್ಲಿ ನನ್ನದು ಅರ್ಧ ದಿನದ ಪಾಳಿ. ಎರಡು ಗಂಟೆಗೆ ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದೆ. ಕಟ್ಟಡದ ಹಿಂಭಾಗ ಬೀದಿಗೆ ಕಾಣುತ್ತದೆ. ಯಾಕೆ ತಲೆ ಎತ್ತಿದೆನೋ ತಿಳಿಯದು, ಎರಡು ತಿಂಗಳಿಂದ ಅಭ್ಯಾಸವಾಗಿತ್ತು. ಮುಚ್ಚಿದ ಗಾಜು ಬಿಸಿಲಿಗೆ ಹೊಳೆಯುವುದನ್ನು ನೋಡಿ ಮುಂದೆ ನಡೆಯುವುದು.

ಅವತ್ತು ಹೊಳೆಯಲಿಲ್ಲ. ಅಲ್ಲಿ ಕಪ್ಪು ಚೌಕವೊಂದಿತ್ತು. ಅದರೊಳಗೆ ಮಾವ. ಅಂಚಿನ ಮೇಲೆ ಕುದುರೆ ಹತ್ತಿದಂತೆ ಕೂತಿದ್ದರು, ಒಂದು ಕಾಲು ಹೊರಗೆ.

ನನ್ನ ಬಾಯಿ ತೆರೆಯಿತು, ಸ್ವರ ಹೊರಡಲಿಲ್ಲ. ಹೊರಡದಿದ್ದದ್ದೇ ಒಳ್ಳೆಯದಾಯಿತು. ಕೂಗಿದ್ದರೆ ಅವರು ಬಗ್ಗಿ ನೋಡುತ್ತಿದ್ದರು. ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ. ಮೊದಲ ಮಹಡಿ, ಎರಡನೆಯದು, ಪ್ರತಿ ತಿರುವಿನಲ್ಲೂ ಕೆಳಗಿನಿಂದ ಒಂದು ಸದ್ದು ಬರುತ್ತದೆಯೆಂದು ಕಿವಿ ಕಾಯುತ್ತಿತ್ತು. ಹಾಗೆ ಕಾಯುತ್ತಿರುವುದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಬೀಗದ ತೂತಿಗೆ ಕೀಲಿ ಹೋಗದು. ಎರಡೂ ಕೈ ಸೇರಿಸಿ ತುರುಕಿದೆ. ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು, ಅತ್ತೆ ಬಟ್ಟೆ ಜಾಲಿಸುತ್ತಿದ್ದರು. ಏನೋ ಗುನುಗುತ್ತಿದ್ದರು ಕೂಡ.

ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತವಳು ಹಾಗೇ ನಿಂತುಬಿಟ್ಟೆ. ಎಂಟು ಹೆಜ್ಜೆಯ ಕೋಣೆ. ಓಡಿದರೆ ಬೆಚ್ಚುತ್ತಾರೆ, ಕೂಗಿದರೆ ಬೆಚ್ಚುತ್ತಾರೆ. ಕಾಲು ಮುಂದೆ ಹೋಗದು, ಹಿಂದೆ ಬಾರದು. ಹೆದರಿಕೆ ಅಂದರೆ ಎದೆ ಹೊಡೆದುಕೊಳ್ಳುವುದು ಎಂದುಕೊಂಡಿದ್ದೆ. ಅಲ್ಲ, ಏನೂ ಹೊಡೆದುಕೊಳ್ಳುವುದಿಲ್ಲ, ಎಲ್ಲ ನಿಂತುಹೋಗುತ್ತದೆ.

ಮಾವನೇ ತಿರುಗಿ ನನ್ನನ್ನು ನೋಡಿದರು. ಹುಬ್ಬು ಗಂಟಿಕ್ಕಿದರು.

"ಬಾಗಿಲಲ್ಲಿ ನಿಲ್ಲಬೇಡಿ ಅಮ್ಮ. ಬಿದ್ದುಗಿದ್ದೀರಿ. ಒಳಗೆ ನಡೀರಿ, ಒಳಗೆ ಜಾಗ ಇದೆ."

ಒಂದು ಕಾಲು ಮೂರನೇ ಮಹಡಿಯ ಗಾಳಿಯಲ್ಲಿ ಇಳಿಬಿಟ್ಟವರು ನನ್ನನ್ನು ಗದರುತ್ತಿದ್ದರು. ನಾನು ಒಳಗೆ ನಡೆದೆ. ಪ್ರಯಾಣಿಕಳ ಹಾಗೆ ಮೆಲ್ಲಗೆ, ಮಂಚದ ಅಂಚು ಹಿಡಿದುಕೊಂಡು.

"ಟಿಕೆಟ್ ಆಯ್ತಾ?" ಎಂದು ಕೈ ಚಾಚಿದರು.

ಆ ಕೈಯನ್ನು ಹಿಡಿದೆ. ಮೊದಲು ಕೈ, ಆಮೇಲೆ ತೋಳು, ಆಮೇಲೆ ಸೊಂಟ. ಎಳೆದುಕೊಂಡದ್ದಕ್ಕೆ ನೆಲಕ್ಕೆ ಬಿದ್ದೆವು. ಈ ಸಲ ನಾನು ಬಿಡಲೇ ಇಲ್ಲ. ಮಾವ "ಸೀಟು ಖಾಲಿ ಇದೆಯಲ್ಲಮ್ಮ, ಕೆಳಗ್ಯಾಕೆ?" ಎನ್ನುತ್ತಿದ್ದರು. ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕಿ ಪಾದದ ಮೇಲೆ ಬೀಳುತ್ತಿತ್ತು. ಹೊರಗಿದ್ದ ಕಾಲನ್ನು ಅವರೂ ನೋಡಿದ್ದರು.

ಅವರು ಬಟ್ಟೆಯನ್ನು ಅಲ್ಲೇ ಕೆಳಗೆ ಬಿಟ್ಟರು. ಆಮೇಲೆ ಕಿಟಕಿಯ ಕಡೆ ನಡೆದು ಅದನ್ನು ಮುಚ್ಚಿದರು. ಅಭ್ಯಾಸಬಲದಿಂದ ಕಿರುಬೆರಳಲ್ಲೇ ಮುಚ್ಚಿದರು. ಅದು ಎಷ್ಟು ಸಲೀಸಾಗಿ ಸರಿಯಿತೆಂದರೆ, ಆ ಸಲೀಸಿಗೇ ಅವರ ಮುಖ ಬಿಳಚಿಕೊಂಡಿತು.

"ಮೊದಲೂ ಹೀಗೆ ಮಾಡಿದ್ರಾ?"

"ಒಂದು ಸಲ. ನಿಮಗೆ ಪ್ಲಾಸ್ಟರ್ ಇದ್ದಾಗ."

"ಪುಟ್ಟಿ ಅದಕ್ಕೆ ಹಾಕಿದ್ದಾ?"

"ಹೂಂ."

ಅತ್ತೆ ಮಂಚದ ಮೇಲೆ ಕುಸಿದರು. "ಬೆಳಿಗ್ಗೆ ಕೆದಕಿದ ತಕ್ಷಣ ಗೊತ್ತಾಯ್ತು. ಇದು ತಾನಾಗೇ ಸೇರಿದ ಕೊಳೆ ಅಲ್ಲ, ಯಾರೋ ಕೂತು ತುರುಕಿದ್ದು. ಯಾರೋ ಏನು, ನೀನೇ. ಹೇರ್‌ಪಿನ್ನಿನ ಮುರಿದ ತುಂಡೂ ಸಿಕ್ತು."

"ಮತ್ತೆ ಯಾಕೆ ತೆಗೆದ್ರಿ? ನನ್ನ ಒಂದು ಮಾತು ಕೇಳಬಹುದಿತ್ತಲ್ಲ." ನನ್ನ ಸ್ವರ ಏರಿತು. ಮಾವ ಬೆಚ್ಚಿ ನನ್ನ ತೋಳು ಹಿಡಿದುಕೊಂಡರು.

ಅತ್ತೆ ನೆಲ ನೋಡುತ್ತ ಹೇಳಿದರು. "ನೀನು ಇವರನ್ನ ಗಾಳಿ ಬೆಳಕು ಇಲ್ಲದ ಹಾಗೆ ಕೂಡಿಹಾಕ್ತಿದೀಯ ಅನ್ಕೊಂಡೆ. ಕೆಮ್ಮಿದ್ದು, ಕೂಗಿದ್ದು ಬೀದಿಗೆ ಕೇಳಬಾರದು ಅಂತ. ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ತೀಯ, ಮೆಕ್ಯಾನಿಕ್ ಕಥೆ ಹೇಳಿದ ಹಾಗೆ. ಯಾಕೆ ಕೇಳಲಿ ಅಂತ, ಚೌಕಟ್ಟು ಎತ್ತೋಕೆ ಆಗದಿದ್ರೂ ನಾಲ್ಕು ಗಂಟೆ ಕೂತು ಒಂದೊಂದೇ ಚೂರು ತೆಗೆದೆ. ಇನ್ನು ಈ ಕಿಟಕಿ ಯಾವತ್ತೂ ಕಚ್ಚಿಕೊಳ್ಳಬಾರದು ಅಂತ ಹಳಿಗೆ ಎರಡು ಕೈ ಸ್ಪ್ರೇ ಎಳೆದೆ. ಯಾವತ್ತೂ ಎರಡು ಕೈ ಎಳೆದೋಳಲ್ಲ ನಾನು."

ಕಪಾಳಕ್ಕೆ ಹೊಡೆದಂತಾಯಿತು. ಕಿಟಕಿಯಲ್ಲಿ ಮಾವನನ್ನು ನೋಡಿದಾಗ ಆದದ್ದಕ್ಕಿಂತ ಇದೇನು ಕಡಿಮೆಯಿರಲಿಲ್ಲ. ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ನಿಂತವರು ನನ್ನ ಬಗ್ಗೆ ಅದನ್ನು ಎಣಿಸಬಲ್ಲರೇ? ಕೂಗಾಡಬೇಕೆನ್ನಿಸಿತು. ಆದರೆ ನಾನೇನು ಕಡಿಮೆ? ಇವರಿಗೆ ಹೇಳಿದರೆ ತಡೆದುಕೊಳ್ಳಲಾರರು ಎಂದು ನಾನೂ ಎಣಿಸಿದ್ದೆ, ಅವರನ್ನು ಕೇಳದೆಯೇ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಮ್ಮಿಬ್ಬರ ಬಿಗುಮಾನದ ನಡುವೆ ಮಾವ ಕಾಲು ಹೊರಗಿಟ್ಟು ಕೂತಿದ್ದರು.

"ಅವನಿಗೆ ಹೇಳ್ತೀಯಾ?" ಎಂದರು ಅತ್ತೆ, ಮಗನ ವಿಷಯ.

"ನೀವೇ ಹೇಳಿ ಅತ್ತೆ, ಏನು ಮಾಡಲಿ?"

ಅವರು ಎದ್ದು ಹೋಗಿ ತಮ್ಮ ಮಂಚದಡಿಯ ತಗಡಿನ ಪೆಟ್ಟಿಗೆ ಎಳೆದು ತಂದರು, ವರ್ಕ್‌ಶಾಪಿನಿಂದ ಬರುವಾಗ ತಂದ ಸಾಮಾನು. ಕೈಡ್ರಿಲ್, ಅರ, ನಾಲ್ಕು ಗಟ್ಟಿ ಸ್ಕ್ರೂ. ಮಾವನನ್ನು ನನ್ನ ಸೊಂಟಕ್ಕೆ ದುಪಟ್ಟಾದಿಂದ ಕಟ್ಟಿದರು, ನನಗೆ ನಗು ಅಳು ಒಟ್ಟಿಗೇ ಬಂತು. ಮೇಲಿನ ಹಳಿಯಲ್ಲಿ ಎರಡೂ ಗಾಜಿಗೆ ತಡೆ ಬರುವ ಹಾಗೆ ತೂತು ಕೊರೆಯಬೇಕು. ಅವರ ಮಣಿಕಟ್ಟಿಗೆ ಬಲ ಸಾಲದು, ಡ್ರಿಲ್ ತಿರುಗಿಸಿದ್ದು ನಾನು, ನನ್ನ ಕೈ ಹಿಡಿದು ನೇರ ಇಟ್ಟದ್ದು ಅವರು. ಅವರ ಕೈ ನಡುಗುತ್ತಿತ್ತು. ಮುರಿದ ಕೈ ಆದ್ದರಿಂದ ಇರಬಹುದು ಎಂದು ನಾನು ಕೇಳಲಿಲ್ಲ. ಆಮೇಲೆ ನೆನಪಾಯಿತು, ಕೇಳದಿರುವುದನ್ನು ಇನ್ನು ಬಿಡಬೇಕು.

"ನಡುಗ್ತಿದೆ ಅತ್ತೆ. ನೋವಾ?"

"ನೋವಲ್ಲ. ಬಟ್ಟೆ ಜಾಲಿಸ್ತಾ ಹಾಡು ಹೇಳ್ತಿದ್ದೆ ಕಣೇ ನಾನು."

ಸ್ಕ್ರೂ ಕೂರಿಸಿದ ಮೇಲೆ, ಕಂಡಕ್ಟರರ ಬೆರಳಿಗೆ ಯಾವ ನಾಣ್ಯದಿಂದಲೂ ತಿರುಗಿಸಲು ಬಾರದ ಹಾಗೆ ಅವುಗಳ ತಲೆಯನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದರು. ಕೆಳಗಿನ ಹಳಿಯ ಹೆಚ್ಚಿನ ಸಿಲಿಕೋನನ್ನು ಒಣಬಟ್ಟೆಯಿಂದ ಒರೆಸಿ ತೆಗೆದರು. ಕಿರುಬೆರಳಿಟ್ಟು ತಳ್ಳಿದರು. ಗಾಜು ನಾಲ್ಕು ಬೆರಳಗಲ ಸರಿದು ಟಕ್ಕೆಂದು ನಿಂತಿತು. ಇನ್ನೊಮ್ಮೆ ತಳ್ಳಿದರು, ಅಂಗೈಯಿಂದ. ಮೈಭಾರ ಹಾಕಿ ಭುಜದಿಂದ. ನಿಂತೇ ಇತ್ತು. ಆ ನಾಲ್ಕು ಬೆರಳಿನ ಸಂದಿಯಿಂದ ಬಂದ ಗಾಳಿಗೆ ಮಾವನ ಬಿಳಿಕೂದಲು ಹಾರಿತು. ಅವರು ಕಣ್ಣು ಮುಚ್ಚಿ ಗಾಳಿ ಕುಡಿದರು.

ಸಂಜೆ ನನ್ನ ಗಂಡ ಬಂದ. ತಂದೆಯ ಕೋಣೆಗೆ ಹೋದವನು ಸೆಖೆ ಎಂದು ಕಿಟಕಿ ಎಳೆದ. ಟಕ್. ಮತ್ತೆ ಎಳೆದ. ಟಕ್. ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ.

"ಅಮ್ಮ, ಇದೇನು ಇಷ್ಟಕ್ಕೇ ನಿಂತೋಗತ್ತೆ?"

ಅತ್ತೆ ಅಲ್ಲೇ ಮಂಚದ ಅಂಚಿನಲ್ಲಿ ಕೂತು ಮಾವನಿಗೆ ಊಟ ಮಾಡಿಸುತ್ತಿದ್ದರು. ತುತ್ತು ಮಾವನ ಬಾಯಿಗಿಟ್ಟು, ತಲೆ ಎತ್ತದೆ ಹೇಳಿದರು.

"ಅದು ಅಷ್ಟೇ ಬರೋದು. ಹಳೇದಾಯ್ತು. ರಿಪೇರಿ ಆಗಲ್ಲ."

"ನಿನ್ನ ಕೈಯಲ್ಲೂ ಆಗಲ್ವಾ?"

"ನನ್ನ ಕೈಯಲ್ಲೂ ಆಗಲ್ಲ."

ಅವನು ಅಮ್ಮನನ್ನೇ ಸ್ವಲ್ಪ ಹೊತ್ತು ನೋಡಿದ. ಲಾರಿಗೆ ಅಡ್ಡ ಕೂತ ಕಥೆ ಕೇಳುತ್ತ ಬೆಳೆದವನು. ಅಮ್ಮನಿಗೆ ವಯಸ್ಸಾಯಿತು ಎಂದುಕೊಂಡನೇನೋ, ಹತ್ತಿರ ಬಂದು ಪ್ಲಾಸ್ಟರು ತೆಗೆದ ಆ ಕೈಯನ್ನು ಮೆಲ್ಲಗೆ ಸವರಿ ಹೊರಗೆ ಹೋದ. ಅತ್ತೆ ಮುಂದಿನ ತುತ್ತು ಕಲಸಿದರು. ನಾನು ಸೌಟು ಕೆಳಗಿಟ್ಟು ಹೋಗಿ ಅವರ ಪಕ್ಕದಲ್ಲಿ, ಕಿಟಕಿಯ ಕಡೆಗೆ ಕೂತೆ.